ಮುನ್ನೂರು ಜನರಿಗೆ ಮೀನು ಹುರಿಯುವಾಗ

ಖಾನಾಪುರ ಬಿಟ್ಟ ರೈಲು ಲೋಂಡಾ ತಲುಪುವ ಮುಂಚೆ ಗುಂಜಿ ಸಿಗುತ್ತದೆ. ಸುತ್ತ ಕಾಡು, ಮಳೆಗಾಲದಲ್ಲಿ ಬಿಡುವಿಲ್ಲದ ಮಳೆ. ಸಮುದ್ರ ಮಾತ್ರ ಘಟ್ಟದ ಕೆಳಗೆ. ಈ ಸೀಮೆಯಲ್ಲಿ ಹತ್ತಾರು ಮನೆಯವರು ಸೇರಿ ಮೀನೂಟ ಮಾಡುವಾಗ ಅನ್ನ, ಕಾಯಿ ಅರೆದ ಸಾರು, ಸೋಲಕಡಿಯ ಜೊತೆಗೆ ರವೆಯಲ್ಲಿ ಹೊರಳಿಸಿ ಹುರಿದ ಬಾಂಗಡಾ ಬೇಕೇ ಬೇಕು. ಮಸಾಲೆಯನ್ನು ಎಷ್ಟು ಪಟ್ಟಾದರೂ ಹೆಚ್ಚಿಸಿಕೊಳ್ಳಬಹುದು. ಶಾಖವನ್ನೂ ಸಮಯವನ್ನೂ ಹಾಗೆ ಹೆಚ್ಚಿಸಲಾಗದು. ದೊಡ್ಡ ಅಡುಗೆ ಕೆಡುವುದು ಅಲ್ಲಿಯೇ.

ಮೊದಲು ಸಮಯದ ಮಾತು. ಬಾಂಗಡಾದ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ. ಸತ್ತ ಮೀನು ಬೆಚ್ಚಗೆ ಉಳಿದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮೀನ್ ಆಗಿ ಬದಲಿಸುತ್ತವೆ. ಅದು ಹೆಚ್ಚಾದ ಮೀನು ತಿಂದವರಿಗೆ ಮುಖ ಕೆಂಪೇರುತ್ತದೆ, ಮೈ ತುರಿಸುತ್ತದೆ, ತಲೆನೋವು, ವಾಂತಿ ಬರುತ್ತವೆ. ಅಲರ್ಜಿ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಹುರಿದಾಗ ಬ್ಯಾಕ್ಟೀರಿಯಾ ಸಾಯುತ್ತವೆ, ಹಿಸ್ಟಮೀನ್ ಉಳಿಯುತ್ತದೆ. ಕಾದ ಎಣ್ಣೆಗಾಗಲಿ, ಕುದಿಯುವ ಸಾರಿಗಾಗಲಿ, ಆಮೇಲೆ ಹಾಕಿದ ಐಸಿಗಾಗಲಿ ಅದು ಬಗ್ಗುವುದಿಲ್ಲ. ಮೂಗಿಗೂ ನಾಲಿಗೆಗೂ ಗೊತ್ತಾಗದೇ ಹೋಗಬಹುದು. ಹಿಡಿದ ಗಳಿಗೆಯಿಂದ ತವಾ ಸೇರುವವರೆಗೆ ಮೀನನ್ನು 4 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿಡಬೇಕು. ಘಟ್ಟ ಹತ್ತಿ ಬರುವ ಮೀನಿಗೆ ಇದರ ಹೊರತು ರಕ್ಷಣೆಯಿಲ್ಲ. ಮನೆಯಲ್ಲಿ ನಾಲ್ಕು ಮೀನಿಗೆ ಮಸಾಲೆ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಚಿಂತೆಯಿಲ್ಲ. ಬೆಳಿಗ್ಗೆಯೇ ಬುಟ್ಟಿಗಟ್ಟಲೆ ಸ್ವಚ್ಛಮಾಡಿ, ಉಪ್ಪು ಖಾರ ಸವರಿ, ಮಧ್ಯಾಹ್ನದವರೆಗೆ ಪೆಂಡಾಲಿನ ನೆರಳಲ್ಲಿಡುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಒಂದು ಸುತ್ತಿಗೆ ಬೇಕಾದಷ್ಟನ್ನೇ ಐಸಿನಿಂದ ತೆಗೆಯಬೇಕು.

ಮಸಾಲೆಗೆ ಬೆರೆಸುವ ಆಮಸೂಲದ ಹುಳಿ ಇನ್ನೊಂದು ಕೆಲಸ ಮಾಡುತ್ತದೆ. ಕಡಲ ಮೀನಿನ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲಮೀನ್. ಹುಳಿ ತಗುಲಿದಾಗ ಅದು ಲವಣವಾಗಿ, ಗಾಳಿಗೆ ಏಳದೆ ನಿಲ್ಲುತ್ತದೆ. ಮಲಪ್ರಭೆಯಂಥ ನದಿಯ ಮೀನಿನಲ್ಲಿ ಈ ವಾಸನೆ ತೀರ ಕಡಿಮೆ. ಅಲ್ಲಿ ಕೆಲವೊಮ್ಮೆ ಬರುವ ಮಣ್ಣುವಾಸನೆ ಜಿಯೋಸ್ಮಿನ್‌ನದು, ಅದನ್ನೂ ಹುಳಿ ತಗ್ಗಿಸುತ್ತದೆ. ಆದರೆ ವಾಸನೆ ಅಡಗಿದ ಮಾತ್ರಕ್ಕೆ ಹಳಸಿದ ಬಾಂಗಡಾ ತಾಜಾ ಆಗುವುದಿಲ್ಲ.

ಇನ್ನು ಶಾಖ. ಹುರಿಯುವ ಎಣ್ಣೆ 170ರಿಂದ 180 ಡಿಗ್ರಿಯಲ್ಲಿರಬೇಕು. ರವೆಯ ಪದರದಲ್ಲಿ ನೀರಿರುವತನಕ ಅಲ್ಲಿನ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಚೊರ್ ಎನ್ನುವ ಸದ್ದು ಆ ನೀರು ಆವಿಯಾಗಿ ಹೊರಡುವ ಸದ್ದು. ಪದರ ಒಣಗಿ 140 ಡಿಗ್ರಿ ದಾಟಿದ ಮೇಲೆ ಪ್ರೋಟೀನಿನ ಅಂಶಗಳೂ ಸಕ್ಕರೆಗಳೂ ಬೆರೆತು ಹೊಂಬಣ್ಣ, ಘಮ ಹುಟ್ಟಿಸುವ ಕ್ರಿಯೆ ಚುರುಕಾಗುತ್ತದೆ. ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಇದಕ್ಕೆ ತೆರಬೇಕಾದ ಬೆಲೆ ದೊಡ್ಡದು: ಒಂದು ಗ್ರಾಂ ನೀರನ್ನು 0ಯಿಂದ 100 ಡಿಗ್ರಿಗೆ ಏರಿಸಲು 100 ಕ್ಯಾಲೊರಿ ಸಾಕು, ಅದೇ ನೀರನ್ನು ಆವಿಯಾಗಿಸಲು ಇನ್ನೂ 540 ಬೇಕು. ಪಂಕ್ತಿ ಕಾಯುತ್ತಿದೆ ಎಂದು ತವಾ ತುಂಬ ಮೀನು ಹರಡಿದರೆ ಒಲೆ ಅಷ್ಟು ಶಾಖ ಒದಗಿಸಲಾರದು. ಎಣ್ಣೆ ತಣಿಯುತ್ತದೆ, ರವೆ ಮೆತ್ತಗಾಗುತ್ತದೆ, ಮೀನು ತನ್ನ ನೀರಿನಲ್ಲೇ ಬೇಯುತ್ತದೆ. ಗಾಬರಿಯಿಂದ ಉರಿ ಏರಿಸಿದರೆ ಹೊರಗೆ ಕರಿಕು, ಒಳಗೆ ಹಸಿ. ದಪ್ಪ ಇಮ್ಮಡಿಯಾದರೆ ನಡುವಿಗೆ ಶಾಖ ಮುಟ್ಟಲು ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಬಾಂಗಡಾದ ಮೈಗೆ ಅಡ್ಡ ಗೀರು ಹಾಕುವ ಕೈಗಳಿಗೆ ಇದು ಲೆಕ್ಕವಿಲ್ಲದೆಯೇ ಗೊತ್ತು.

ಉದುರಿದ ರವೆ ಸುಟ್ಟು ಎಣ್ಣೆಯನ್ನು ಬೇಗ ಕೆಡಿಸುತ್ತದೆ, ಆಗಾಗ ಸೋಸಬೇಕು. ಪದೇ ಪದೇ ಕಾದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ಮೀರಿದರೆ ಬಳಸಬಾರದೆಂಬ ನಿಯಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ.

ಹುರಿದದ್ದನ್ನು ಡಬರಿಯಲ್ಲಿ ಒಟ್ಟಿ ಮುಚ್ಚಿದರೆ ಒಳಗಿನ ಆವಿ ಗರಿಗರಿಯನ್ನು ಕೆಲವೇ ನಿಮಿಷಗಳಲ್ಲಿ ನುಂಗುತ್ತದೆ. ಅನ್ನ, ಸಾರು ಮೊದಲೇ ಆಗಿರಲಿ. ಜನ ಎಲೆಯ ಮುಂದೆ ಕುಳಿತ ಮೇಲೆ ಮೊದಲ ಸುತ್ತು ತವಾಕ್ಕೆ ಇಳಿಯಲಿ.