ಕಾಮಾಕ್ಷಿಪಾಳ್ಯದಿಂದ ಕೆಂಗೇರಿಗೆ, ಮಸಿಯ ಜಾಡಿನಲ್ಲಿ

ಬೆಂಗಳೂರಿನ ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಕ್ಕೆ ತಿರುಗಿದರೆ ಮೊದಲು ಎದುರಾಗುವುದು ಲೇತ್ ಮೆಷಿನ್ನುಗಳ ಸದ್ದು, ಆಮೇಲೆ ಸುಟ್ಟ ಎಣ್ಣೆಯ ವಾಸನೆ. ಅಡ್ಡರಸ್ತೆಯ ಒಂದು ಗ್ಯಾರೇಜಿನಲ್ಲಿ ಡೀಸೆಲ್ ಕಾರಿನ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಹಳೇ ಟೈರಿನ ಮೇಲೆ ಇಟ್ಟಿದ್ದರು. "ಪಿಕಪ್ ಇಲ್ಲ, ಕಪ್ಪು ಹೊಗೆ ಅಂತ ಬಂತು ಸಾರ್. ನೀವೇ ಬೆರಳು ಹಾಕಿ ನೋಡಿ" ಎಂದರು ಮೆಕ್ಯಾನಿಕ್. ಎರಡು ಬೆರಳು ಸಲೀಸಾಗಿ ಹೋಗಬೇಕಾದ ದಾರಿಯಲ್ಲಿ ಒಂದು ಬೆರಳು ಕಷ್ಟಪಟ್ಟು ಹೋಯಿತು. ಬೆರಳಿಗೆ ಹತ್ತಿದ್ದು ಒಣ ಮಸಿಯಲ್ಲ, ಎತ್ತಿನ ಗಾಡಿಯ ಕೀಲೆಣ್ಣೆಯಂಥ ಕಪ್ಪು ಅಂಟು. ಬನಿಯನ್ ವೇಸ್ಟಿನಲ್ಲಿ ಎಷ್ಟು ಒರೆಸಿದರೂ ಉಗುರಿನ ಸಂದಿಯಲ್ಲಿ ಉಳಿಯಿತು.

ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲೆಂದು ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಇಜಿಆರ್ ವಾಲ್ವ್ ಮತ್ತೆ ಎಂಜಿನ್ನಿಗೇ ಕಳಿಸುತ್ತದೆ. ಆ ಹೊಗೆಯ ಜೊತೆ ಮಸಿ ಬರುತ್ತದೆ. ಕ್ರ್ಯಾಂಕ್‌ಕೇಸಿನಿಂದ ಎಣ್ಣೆಯ ಆವಿಯೂ ಮ್ಯಾನಿಫೋಲ್ಡಿಗೇ ಬಂದು ಸೇರುತ್ತದೆ. ಎರಡೂ ಕೂಡಿದಾಗ ಈ ಅಂಟು. ಪೆಟ್ರೋಲ್ ಕಾರಿಗೆ ಈ ಕಾಟ ಕಡಿಮೆ, ಏಕೆಂದರೆ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಪೆಟ್ರೋಲ್ ಸಿಂಪಡಣೆಯಾಗಿ ಅದು ತೊಳೆದುಹೋಗುತ್ತಿರುತ್ತದೆ. ಸಿಲಿಂಡರಿನೊಳಕ್ಕೇ ನೇರವಾಗಿ ಇಂಧನ ಚಿಮ್ಮಿಸುವ ಹೊಸ ಬಗೆಯ ಎಂಜಿನ್ನುಗಳಲ್ಲಿ ಆ ತೊಳೆತವೂ ಇಲ್ಲ.

ಬಸವೇಶ್ವರನಗರದಿಂದ ಮಗುವನ್ನು ಶಾಲೆಗೆ ಬಿಡುವುದು, ವಿಜಯನಗರದ ಮಾರುಕಟ್ಟೆಗೆ ಹೋಗಿಬರುವುದು: ನಮ್ಮ ಕಡೆಯ ಎಷ್ಟೋ ಕಾರುಗಳ ದಿನಚರಿ ಇಷ್ಟೇ. ಎಂಜಿನ್ನಿನ ನೀರು 90 ಡಿಗ್ರಿ ಹತ್ತಿರ ಕಾಯುವಷ್ಟರಲ್ಲಿ ಕೀಲಿ ತಿರುಗಿಸಿ ಆರಿಸಿಬಿಡುತ್ತೇವೆ. ಹಸಿ ಸೌದೆ ಹಾಕಿದ ಒಲೆಯ ಮೇಲೆ ಇಲ್ಲಣ ಕಟ್ಟುವಂತೆ ಒಳಗೆ ಕಾರ್ಬನ್ ಕಟ್ಟುತ್ತದೆ.

ಕಸುಬಿನ ಹಿರಿಯರಿಗೆ ಇದು ಹೊಸದಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೇ ಆಯಿಲ್ ಬೆರೆಸಬೇಕಿತ್ತು, ಆ ಆಯಿಲ್ಲೂ ಉರಿದು ಸೈಲೆನ್ಸರಿನಲ್ಲಿ ಕಾರ್ಬನ್ ಹಿಡಿಯುತ್ತಿತ್ತು. ಹೆಡ್ ಬಿಚ್ಚಿ ಕೆರೆಯುವುದು, ಸೈಲೆನ್ಸರಿನ ಒಳಕೊಳವೆ ಎಳೆದು ಬೆಂಕಿಗೆ ಹಿಡಿಯುವುದು, ಡಿಕಾರ್ಬನೈಸ್ ಎಂದರೆ ಅದೇ. ಮಾಲೀಕ ಎದುರಿಗೇ ನಿಂತು ನೋಡುತ್ತಿದ್ದ. ಕಣ್ಣಾರೆ ಕಾಣುವ ಆ ಕೆಲಸದ ಮೇಲೆ ನನಗೆ ಇವತ್ತಿಗೂ ಗೌರವ.

ರಾಜಾಜಿನಗರ ಕೈಗಾರಿಕಾ ಪ್ರದೇಶದ ಇಂಜೆಕ್ಟರ್ ಅಂಗಡಿಯಲ್ಲಿ ಅಂಥದ್ದೇ ಪ್ರಾಮಾಣಿಕತೆ ಕಂಡೆ. ಟೆಸ್ಟ್ ಬೆಂಚಿನಲ್ಲಿ ನಾಲ್ಕು ಇಂಜೆಕ್ಟರ್, ಕೆಳಗೆ ನಾಲ್ಕು ಗಾಜಿನ ಕೊಳವೆ. ಸ್ವಿಚ್ ಹಾಕಿದರೆ ಮೂರು ಮಂಜಿನಂತೆ ಸಿಂಪಡಿಸಿದವು, ಒಂದು ತೊಟ್ಟಿಕ್ಕಿತು. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಅದ್ದಿಟ್ಟು, ತೆಗೆದು ಮತ್ತೆ ಕೂರಿಸಿದಾಗ ನಾಲ್ಕೂ ಕೊಳವೆಗಳಲ್ಲಿ ಮಟ್ಟ ಒಂದೇ. "ಇದನ್ನ ನೋಡದೆ ದುಡ್ಡು ಕೊಡಬೇಡಿ ಅಂತ ನಾನೇ ಹೇಳ್ತೀನಿ" ಎಂದರು ಅಂಗಡಿಯವರು.

ವಿಜಯನಗರದ ಒಂದು ಕಡೆ ಕಾರ್ಬನ್ ತೆಗೆಯಲು ಹೈಡ್ರೋಜನ್ ಯಂತ್ರ. ನೀರನ್ನು ಒಡೆದು ಬಂದ ಅನಿಲವನ್ನು ಗಾಳಿಯ ದಾರಿಯಲ್ಲಿ ಬಿಟ್ಟು ಎಂಜಿನ್ ಓಡಿಸುತ್ತಾರೆ. ಏನೂ ಬಿಚ್ಚುವಂತಿಲ್ಲ, ಏನೂ ಕಾಣುವುದಿಲ್ಲ. ಆ ಅನಿಲ ಉರಿಯುವುದು ಸಿಲಿಂಡರಿನೊಳಗೆ. ಕಾಮಾಕ್ಷಿಪಾಳ್ಯದಲ್ಲಿ ನಾನು ಬೆರಳು ಹಾಕಿದ ಮ್ಯಾನಿಫೋಲ್ಡಿನ ಅಂಟನ್ನು ಅದು ಕಿತ್ತುಹಾಕುವುದೆಂದು ನಾನು ನಂಬಲಾರೆ. ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಗಾಡಿ ಚೆನ್ನಾಗಿ ಓಡುತ್ತಿದ್ದರೆ ಪ್ರತಿ ಸರ್ವಿಸಿನಲ್ಲೂ ಕಾರ್ಬನ್ ತೆಗೆಸುವ ಅಗತ್ಯವೇ ಇಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಇದೆ. ಸುಮಾರು 600 ಡಿಗ್ರಿ ಕಾವಿನಲ್ಲಿ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಕಾರಿಗೆ ಆ ಕಾವು ಎಲ್ಲಿಂದ ಬರಬೇಕು? ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಅದಕ್ಕೇ, "ಡಿಪಿಎಫ್ ಲೈಟ್ ಬಂದ ತಕ್ಷಣ ಓಡಿ ಬರಬೇಡಿ. ಕೆಂಗೇರಿ ದಾಟಿ ಬಿಡದಿವರೆಗೆ ಒಂದೇ ವೇಗದಲ್ಲಿ ಹೋಗಿ ಬನ್ನಿ, ಅದಕ್ಕೂ ಆರದಿದ್ದರೆ ನನ್ನ ಹತ್ತಿರ ಬನ್ನಿ" ಎಂದಿದ್ದರು. ಬರಬಹುದಾದ ದುಡ್ಡನ್ನು ಬಿಟ್ಟುಕೊಟ್ಟು ಹೇಳಿದ ಮಾತು ಅದು.

ಆದರೆ ತೊಳೆದ ಮಸಿ ಎಲ್ಲಿಗೆ ಹೋಗುತ್ತದೆ? ಮ್ಯಾನಿಫೋಲ್ಡ್ ತೊಳೆದ ಕಪ್ಪು ದ್ರವ ಗ್ಯಾರೇಜಿನ ಮುಂದಿನ ಚರಂಡಿಗೆ ಹರಿಯುವುದನ್ನು ಬೆಳಿಗ್ಗೆಯೇ ನೋಡಿದ್ದೆ. ಸುಟ್ಟ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ ಎಂದು 2016ರ ನಿಯಮ ಹೇಳುತ್ತದೆ. ಅದನ್ನು ಅನುಮತಿ ಇರುವವರಿಗೇ ಕೊಡಬೇಕು. ಅದಕ್ಕಾದರೂ ಬೆಲೆಯಿದೆ, ಡ್ರಮ್ಮಿನಲ್ಲಿ ತುಂಬಿಸಿ ಮಾರುತ್ತಾರೆ. ತೊಳೆದ ನೀರನ್ನು ಕೇಳುವವರಿಲ್ಲ.

ಸಂಜೆ ಕೆಂಗೇರಿಯಲ್ಲಿ ಮೆಟ್ರೋ ಇಳಿದು ವೃಷಭಾವತಿಯ ಬಳಿ ನಿಂತೆ. ರಾಜಾಜಿನಗರದ ಕಡೆಯ ಕಾಲುವೆಗಳ ನೀರು ಈ ನದಿಗೇ ಬರುತ್ತದೆ. ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ನೊರೆ ಹೊತ್ತು, ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ. ಆ ನೀರಿನಲ್ಲಿ ಬೇಸಾಯ ಮಾಡುವ ರೈತರಿದ್ದಾರೆ. ಮುಂದಿನ ಸಲ ಕಾರು ಬಿಡುವಾಗ ರೇಟಿನ ಜೊತೆಗೆ, ತೊಳೆದ ನೀರನ್ನು ಯಾವುದರಲ್ಲಿ ಹಿಡಿದಿಡುತ್ತೀರಿ, ಯಾರಿಗೆ ಕೊಡುತ್ತೀರಿ ಎಂದೂ ದಯವಿಟ್ಟು ಕೇಳಿ.