ವಾಹನದಲ್ಲಿ ಗಾನ

ಶ್ರೀ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಲು, ಗಾನವು ಮನೆಗೆ ಬಂದಿತು, ಈಗ ಅದು ಕಾರನ್ನೇರಿ ನಮ್ಮೊಡನೆ ಪ್ರಯಾಣಮಾಡುತ್ತಿದೆ.

ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಗೃಹಸ್ಥರು ಕೈವಾರದ ತಾತಯ್ಯನವರ ಪದಗಳನ್ನು ಕೇಳಬಯಸುವುದು ಸಹಜವೇ. ಆದರೆ ಕಾರಿನ ತೆರೆಯಲ್ಲಿ ಗಾನದ ಆ್ಯಪ್ ಕಾಣದೆಂದು ಹಲವರು ಕೊರಗುವರು. ಕಾರಣವಿಷ್ಟೆ: ಅನೇಕ ಕಾರುಗಳಲ್ಲಿ ಆ್ಯಪ್ ಇರತಕ್ಕದ್ದು ಮೊಬೈಲಿನಲ್ಲಿ, ಕಾರಿನ ತೆರೆಯು ಅದಕ್ಕೆ ಕನ್ನಡಿ ಮಾತ್ರ. ಆಂಡ್ರಾಯ್ಡ್ ಆಟೋ, ಐಫೋನಿಗಾದರೆ ಕಾರ್‌ಪ್ಲೇ, ಇವೆರಡನ್ನೂ ಕೂಡಿಸುವ ಸೇತುವೆ. ಅದಕ್ಕೊಪ್ಪುವ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು, ಕೇಬಲಿನಿಂದ ಕಾರಿಗೆ ಜೋಡಿಸಬಹುದು. ಚಾರ್ಜು ಮಾತ್ರ ಮಾಡುವ ಕೇಬಲು ಇದಕ್ಕೆ ನಿಷ್ಪ್ರಯೋಜಕ; ಮಾಹಿತಿಯನ್ನೂ ಒಯ್ಯುವಂಥದೇ ಬೇಕು. ಈ ಸೌಕರ್ಯವಿಲ್ಲದ ಕಾರಿಗೆ ಬ್ಲೂಟೂತ್ ಸಾಕು. ಆಗ ಧ್ವನಿಯು ಕಾರಿನಲ್ಲಿ, ಹಾಡಿನ ಆಯ್ಕೆ ಮೊಬೈಲಿನಲ್ಲಿ. ಗೌರಿಬಿದನೂರಿನ ಕಡೆಯ ಗುಡ್ಡಗಳ ನಡುವೆ ಸಿಗ್ನಲ್ ಕುಗ್ಗಬಹುದಾದಕಾರಣ, ಹಾಡುಗಳನ್ನು ಮನೆಯಲ್ಲಿಯೇ ಇಳಿಸಿಟ್ಟುಕೊಳ್ಳುವುದು ಜಾಣತನ.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಸಾಗುವುದು. ಚಾಲಕನು ಮೂರು ಸೆಕೆಂಡು ಹಾಡನ್ನು ಹುಡುಕಿದರೆ, ಹೆಂಡಿರು ಮಕ್ಕಳನ್ನು ಕುಳ್ಳಿರಿಸಿಕೊಂಡು 50 ಮೀಟರು ಕಣ್ಣು ಮುಚ್ಚಿ ನಡೆಸಿದಂತಾಯಿತು. ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುತ್ತ ವಾಹನ ನಡೆಸುವುದನ್ನು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯೂ ಅಪಾಯಕರ ಚಾಲನೆಯಲ್ಲಿ ಎಣಿಸಿದೆ. ಆದುದರಿಂದ ಜೋಡಣೆಯೂ ಆಯ್ಕೆಯೂ ಕಾರು ನಿಂತಿರುವಾಗಲೇ ಮುಗಿಯತಕ್ಕದ್ದು. ಕಿವಿಗೆ ಗಾನವಿರಲಿ, ಕಣ್ಣಿಗೆ ದಾರಿಯೊಂದೇ ಇರಲಿ.