ಗಿಟಾರಿನ ಮನೋಧರ್ಮವೂ ಮನೆಯ ಧ್ವನಿಮುದ್ರಣವೂ

1941ನೆಯ ಇಸವಿಯ ಮೇ ತಿಂಗಳಿನ ಮಾತು. ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯಲ್ಲಿ ‘ಮಿಂಟನ್ಸ್ ಪ್ಲೇಹೌಸ್’ ಎಂಬ ಪಾನಗೃಹವೊಂದಿತ್ತು. ತಮ್ಮ ತಮ್ಮ ಕಚೇರಿಗಳನ್ನು ಮುಗಿಸಿಕೊಂಡ ಜಾಝ್ ವಾದಕರು ರಾತ್ರಿ ಅಲ್ಲಿ ಸೇರಿ, ಬರೆದಿಟ್ಟ ಸ್ವರಲಿಪಿಯ ನೆರವಿಲ್ಲದೆ, ಬಹಳ ಹೊತ್ತು ಮನಸ್ಸಿಗೆ ತೋಚಿದಂತೆ ನುಡಿಸುತ್ತಿದ್ದರು. ಜೆರಿ ನ್ಯೂಮನ್ ಎಂಬ ಕಾಲೇಜು ವಿದ್ಯಾರ್ಥಿ, ಹೊತ್ತುಕೊಂಡು ಹೋಗಬಹುದಾದ ಧ್ವನಿಮುದ್ರಣ ಯಂತ್ರವೊಂದನ್ನು ಅಲ್ಲಿಗೆ ಒಯ್ದು ಆ ವಾದನವನ್ನು ತಟ್ಟೆಗಳ ಮೇಲೆ ಹಿಡಿದಿಟ್ಟನು. ಅಂದು ನುಡಿಸಿದವರಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ಗಿಟಾರ್ ವಾದಕನೂ ಇದ್ದನು. 1942ರ ಮಾರ್ಚ್ ತಿಂಗಳಿನಲ್ಲಿ ಅವನು ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ ಇನ್ನೂ 25 ವರ್ಷ.

ಆ ಕಾಲದ ಹತ್ತು ಅಂಗುಲದ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಸುತ್ತಿತ್ತು. ಆದ್ದರಿಂದ ಕಂಪೆನಿಗಳು ಹೊರತಂದ ತಟ್ಟೆಗಳಲ್ಲಿ ಕ್ರಿಶ್ಚಿಯನ್ನನ ಪಾಲಿಗೆ ಬಂದ ಅವಕಾಶ ಬಲು ಕಿರಿದು. ಸುತ್ತಿನ ಮೇಲೆ ಸುತ್ತಾಗಿ ಅವನು ತನ್ನ ಕಲ್ಪನೆಯನ್ನು ಬೆಳೆಸಿಕೊಂಡು ಹೋಗುತ್ತಿದ್ದ ರೀತಿಯನ್ನು ಇಂದು ನಾವು ಕೇಳಬಲ್ಲೆವಾದರೆ, ಅದಕ್ಕೆ ಬಹುಮಟ್ಟಿಗೆ ಆ ಹವ್ಯಾಸಿಯ ಯಂತ್ರವೇ ಕಾರಣ.

ಮನೋಧರ್ಮದಿಂದ ನುಡಿಸಿದ ಸಂಗೀತ ಕಾಗದದ ಮೇಲೆ ಇರುವುದಿಲ್ಲ. ಹುಟ್ಟಿದ ಕ್ಷಣದಲ್ಲಿಯೇ ಅದು ಅಳಿಯುತ್ತದೆ. ನುಡಿಸಿದವನಿಗೂ ಅದು ಪೂರ್ಣವಾಗಿ ನೆನಪಿರುವುದಿಲ್ಲ. ಹಾಗಾದರೆ ಅಂತಹ ವಾದನಕ್ಕೆ ನಿಯಮವೇನಾದರೂ ಉಂಟೇ? ಅದನ್ನು ಸಾಮಾನ್ಯನೊಬ್ಬನು ತನ್ನ ಮನೆಯಲ್ಲಿಯೇ ಹಿಡಿದಿಟ್ಟು ಪರೀಕ್ಷಿಸಿಕೊಳ್ಳಬಹುದೇ? ಈ ಎರಡು ಪ್ರಶ್ನೆಗಳನ್ನು ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸೋಣ.

ಹನ್ನೆರಡು ಬಾರ್‌ಗಳ ಚಕ್ರ

ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ನೀಗ್ರೋ ಜನಾಂಗದವರೆಂದು ಅಂದಿನ ಪುಸ್ತಕಗಳು ಕರೆಯುತ್ತಿದ್ದ ಆಫ್ರಿಕನ್ ಅಮೆರಿಕನ್ನರ ನಡುವೆ ಹುಟ್ಟಿದ ಹಾಡಿನ ಬಗೆಯೇ ‘ಬ್ಲೂಸ್’. ಜಾಝ್ ಸಂಗೀತದ ಬೇರುಗಳಲ್ಲಿ ಇದೂ ಒಂದು. ಪಾಶ್ಚಾತ್ಯ ಸಂಗೀತದಲ್ಲಿ ಎಣಿಕೆಗಳ ಒಂದು ಗುಂಪಿಗೆ ‘ಬಾರ್’ ಎಂದು ಹೆಸರು. ನಾಲ್ಕು ಎಣಿಕೆಗಳ ಹನ್ನೆರಡು ಬಾರ್‌ಗಳು, ಎಂದರೆ 48 ಎಣಿಕೆಗಳು, ಸೇರಿದರೆ ಬ್ಲೂಸಿನ ಒಂದು ಸುತ್ತು. ನಮ್ಮ ತಾಳದ ಆವರ್ತದಂತೆ ಇದೂ ಮತ್ತೆ ಮತ್ತೆ ತಿರುಗಿ ಬರುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಇಲ್ಲಿ ಎಣಿಕೆಯೊಡನೆ ಆಧಾರ ಸ್ವರಗಳೂ ಗೊತ್ತಾದ ಸ್ಥಳಗಳಲ್ಲಿ ಬದಲಾಗುತ್ತವೆ.

ಏಕಕಾಲದಲ್ಲಿ ನುಡಿಸುವ ಸ್ವರಗಳ ಗುಚ್ಛವನ್ನು ‘ಕಾರ್ಡ್’ ಎನ್ನುತ್ತಾರೆ. ಬ್ಲೂಸಿಗೆ ಮೂರು ಕಾರ್ಡುಗಳು ಸಾಕು. ‘ಎ’ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, ಮೊದಲ ನಾಲ್ಕು ಬಾರ್‌ಗಳಲ್ಲಿ ಷಡ್ಜದ (‘ಎ’) ಕಾರ್ಡು. ಮುಂದಿನ ಎರಡರಲ್ಲಿ ಮಧ್ಯಮದ (‘ಡಿ’) ಕಾರ್ಡು. ಎರಡರಲ್ಲಿ ಮತ್ತೆ ಷಡ್ಜ. ಬಳಿಕ ಒಂದು ಬಾರ್ ಪಂಚಮ (‘ಇ’), ಒಂದು ಬಾರ್ ಮಧ್ಯಮ. ಕೊನೆಯ ಎರಡರಲ್ಲಿ ತಿರುಗಿ ಷಡ್ಜ. ನಿಮಿಷಕ್ಕೆ 120 ಎಣಿಕೆಗಳ ವೇಗದಲ್ಲಿ ಈ ಚಕ್ರ ಒಂದು ಸಲ ಸುತ್ತಲು 24 ಸೆಕೆಂಡುಗಳು ಬೇಕು. ಜಾಝ್ ವಾದಕರು ನಡುನಡುವೆ ಬೇರೆ ಕಾರ್ಡುಗಳನ್ನು ಸೇರಿಸಿ ಇದನ್ನು ಅಲಂಕರಿಸುವುದುಂಟು. ಆದರೆ ಚಕ್ರದ ಕೀಲು ಸಡಿಲವಾಗುವುದಿಲ್ಲ.

ಒಂದು ಮೆಟ್ಟು ಕೆಳಕ್ಕೆ, ಒಂದು ಮೆಟ್ಟು ಮೇಲಕ್ಕೆ

ತಂತಿಯು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಯೋ ಅದೇ ಅದರ ಆವೃತ್ತಿ. ಸೆಳೆತವನ್ನು ಬದಲಿಸದೆ ತಂತಿಯ ಉದ್ದವನ್ನು ಅರ್ಧ ಮಾಡಿದರೆ ಆವೃತ್ತಿ ಎರಡರಷ್ಟಾಗಿ ಮೇಲಿನ ಸ್ಥಾಯಿಯ ಸ್ವರ ಕೇಳುತ್ತದೆ. ಗಿಟಾರಿನಲ್ಲಿ ಈ ಸ್ಥಾಯಿಯನ್ನು ಹನ್ನೆರಡು ಮೆಟ್ಟುಗಳು ಸಮಪ್ರಮಾಣದಲ್ಲಿ ಹಂಚಿಕೊಂಡಿವೆ. ಆದುದರಿಂದ ಒಂದು ಮೆಟ್ಟು ಮೇಲಕ್ಕೆ ಹೋದಾಗ ಆವೃತ್ತಿಯು 1.0595ರಷ್ಟು ಪಟ್ಟು ಆಗುತ್ತದೆ. ಈ ಸಂಖ್ಯೆಯನ್ನು ಹನ್ನೆರಡು ಸಲ ಗುಣಿಸಿದರೆ 2 ಬರುವುದನ್ನು ಓದುಗರು ತಾಳೆ ನೋಡಬಹುದು.

ಈಗ ಷಡ್ಜದ ಕಾರ್ಡಿನಲ್ಲಿರುವ ಎರಡು ಸ್ವರಗಳನ್ನು ಮಾತ್ರ ತೆಗೆದುಕೊಳ್ಳೋಣ: 196 ಆವೃತ್ತಿಯ ‘ಜಿ’ ಮತ್ತು 277 ಆವೃತ್ತಿಯ ‘ಸಿ ಶಾರ್ಪ್’. ದಪ್ಪ ತಂತಿಯ ಕಡೆಯಿಂದ ಎಣಿಸಿದಾಗ ಮೂರನೆಯ ತಂತಿಯ ಐದನೆಯ ಮೆಟ್ಟಿನಲ್ಲಿ ಒಂದು, ನಾಲ್ಕನೆಯ ತಂತಿಯ ಆರನೆಯ ಮೆಟ್ಟಿನಲ್ಲಿ ಇನ್ನೊಂದು ದೊರೆಯುತ್ತದೆ. ಇವುಗಳ ಪ್ರಮಾಣ 1.414, ಎಂದರೆ 2ರ ವರ್ಗಮೂಲ. ಸ್ಥಾಯಿಯ ನಟ್ಟನಡುವಿನ ಅಂತರ. ಕಿವಿಗೆ ನೆಮ್ಮದಿ ಕೊಡದ, ‘ಮುಂದೇನು’ ಎಂದು ಕೇಳುವಂತಹ ಜೋಡಿ ಇದು. ಎರಡು ಬೆರಳುಗಳನ್ನೂ ಒಂದೊಂದು ಮೆಟ್ಟು ಕೆಳಕ್ಕೆ ಜಾರಿಸಿದರೆ ಮಧ್ಯಮದ ಕಾರ್ಡಿಗೆ ಸೇರಿದ ಜೋಡಿ ಬರುತ್ತದೆ. ಮೊದಲಿನ ಸ್ಥಾನದಿಂದ ಒಂದು ಮೆಟ್ಟು ಮೇಲಕ್ಕೆ ಜಾರಿಸಿದರೆ ಪಂಚಮದ ಕಾರ್ಡಿನ ಜೋಡಿ. ಇಡೀ ಚಕ್ರದ ಗುಟ್ಟು ಇಷ್ಟರಲ್ಲಿಯೇ ಅಡಗಿದೆ. ಗಿಟಾರ್ ಇದ್ದವರು ಈಗಲೇ ಎರಡು ಬೆರಳುಗಳಿಂದ ಹನ್ನೆರಡು ಬಾರ್‌ಗಳನ್ನು ನುಡಿಸಿ ನೋಡಬಹುದು.

ಮನೋಧರ್ಮದ ಆರಂಭವೂ ಇಲ್ಲಿಂದಲೇ. ಕಾರ್ಡು ಬದಲಾಗುವ ಕ್ಷಣದಲ್ಲಿ ವಾದಕನ ಸ್ವರಪಂಕ್ತಿಯು ಈ ಜೋಡಿಯ ಒಂದು ಸ್ವರದ ಮೇಲೆ ಬಂದು ನಿಂತರೆ, ಹಿಮ್ಮೇಳವಿಲ್ಲದಿದ್ದರೂ ಕೇಳುವವನಿಗೆ ಚಕ್ರ ಎಲ್ಲಿದೆಯೆಂಬುದು ತಿಳಿಯುತ್ತದೆ. ಉಳಿದ ದಾರಿ ವಾದಕನ ಇಚ್ಛೆಗೆ ಬಿಟ್ಟದ್ದು. ಬ್ಲೂಸ್ ಹಾಡಿನ ರಚನೆ ಅವನಿಗೆ ಇನ್ನೊಂದು ನೆರವನ್ನೂ ಕೊಡುತ್ತದೆ. ಹಾಡುವವನು ಮೊದಲ ನಾಲ್ಕು ಬಾರ್‌ಗಳಲ್ಲಿ ಒಂದು ಸಾಲನ್ನು ಹೇಳಿ, ಮುಂದಿನ ನಾಲ್ಕರಲ್ಲಿ ಅದನ್ನೇ ತಿರುಗಿ ಹೇಳಿ, ಕೊನೆಯ ನಾಲ್ಕರಲ್ಲಿ ಅದಕ್ಕೆ ಉತ್ತರ ಕೊಡುವುದು ವಾಡಿಕೆ. ಗಿಟಾರಿನವನೂ ಹೀಗೆಯೇ ಒಂದು ಪ್ರಶ್ನೆಯನ್ನು ಎರಡು ಸಲ ಕೇಳಿ ಒಂದು ಉತ್ತರ ಕೊಟ್ಟರೆ, ಬೆರಳಿನ ಓಟ ಅಲ್ಪವಾಗಿದ್ದರೂ ವಾದನಕ್ಕೆ ಅರ್ಥ ಬರುತ್ತದೆ.

ಮೆಟ್ಟುಗಳ ನಡುವಣ ಸ್ವರ

ಬ್ಲೂಸಿನ ಭಾವವಿರುವುದು ಮೆಟ್ಟುಗಳ ಮೇಲಲ್ಲ, ಅವುಗಳ ನಡುವೆ. ಇದೇ ‘ಬ್ಲೂ ನೋಟ್’. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲಿಯೋ ಇದು ತೂಗುತ್ತದೆ. ಮೇಲೆ ಹೇಳಿದ ಶ್ರುತಿಯಲ್ಲಿ 262ಕ್ಕೂ 277ಕ್ಕೂ ನಡುವೆ. ಪಿಯಾನೋ ವಾದ್ಯದಲ್ಲಿ ಈ ಸ್ವರಕ್ಕೆ ಕೀಲಿಯಿಲ್ಲ. ಗಿಟಾರಿನಲ್ಲಾದರೋ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ಅದನ್ನು ಪಡೆಯಬಹುದು. ಆವೃತ್ತಿಯು ಸೆಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ಒಂದು ಮೆಟ್ಟಿನಷ್ಟು ಸ್ವರವನ್ನು ಏರಿಸಲು ಸೆಳೆತವನ್ನು ಸುಮಾರು ನೂರಕ್ಕೆ 12ರಷ್ಟು ಹೆಚ್ಚಿಸಬೇಕು. ಹೊಸಬರ ಬೆರಳು ನೋಯುವುದೇಕೆಂಬುದು ಇದರಿಂದ ತಿಳಿಯುತ್ತದೆ.

ತಂತಿಯಿಂದ ವಿದ್ಯುತ್ತಿಗೆ

ತುತ್ತೂರಿಗಳೂ ಮದ್ದಳೆಗಳೂ ಮೊರೆಯುವ ದೊಡ್ಡ ಮೇಳದಲ್ಲಿ ಮರದ ಗಿಟಾರಿನ ಧ್ವನಿ ಮುಳುಗಿಹೋಗುತ್ತಿತ್ತು. ಅದನ್ನು ಮೇಲೆತ್ತಿದುದು ‘ಪಿಕಪ್’ ಎಂಬ ಸಾಧನ. ಕ್ರಿಶ್ಚಿಯನ್ ಬಳಸಿದ ಗಿಬ್ಸನ್ ಕಂಪೆನಿಯ ಇಎಸ್-150 ಗಿಟಾರ್ 1936ರಲ್ಲಿ ಮಾರುಕಟ್ಟೆಗೆ ಬಂದಿತು. ಪಿಕಪ್ಪಿನಲ್ಲಿರುವುದು ಒಂದು ಕಾಯಂ ಅಯಸ್ಕಾಂತ ಮತ್ತು ಸಾವಿರಾರು ಸುತ್ತುಗಳ ತೆಳು ತಂತಿಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಅಯಸ್ಕಾಂತ ಬಲರೇಖೆಗಳು ಹೆಚ್ಚುಕಡಮೆಯಾಗಿ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ, ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ನೈಲಾನ್ ತಂತಿಯ ಗಿಟಾರಿಗೆ ಇಂತಹ ಪಿಕಪ್ ನಿಷ್ಪ್ರಯೋಜಕ. ಅಲ್ಲಿ ಮೈಕ್ರೋಫೋನ್ ಬೇಕು.

ಈ ಸುರುಳಿ ಗಿಟಾರಿನ ಧ್ವನಿಯನ್ನಷ್ಟೇ ಅಲ್ಲದೆ ಮನೆಯ ವಿದ್ಯುತ್ ಜಾಲದ ಗುಂಯ್‌ಗುಡುವಿಕೆಯನ್ನೂ ಸೆಳೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಅದರ ಆವೃತ್ತಿ 50. ಗಿಬ್ಸನ್ ಕಂಪೆನಿಯ ಸೆತ್ ಲವರ್ 1955ರಲ್ಲಿ ಇದಕ್ಕೊಂದು ಉಪಾಯ ಹೂಡಿದನು. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕುಗಳಲ್ಲಿ ಸುತ್ತಿ, ಅವುಗಳ ಅಯಸ್ಕಾಂತ ಧ್ರುವಗಳನ್ನೂ ವಿರುದ್ಧವಾಗಿ ಇಟ್ಟರೆ, ಹೊರಗಿನ ಗದ್ದಲ ಒಂದರಿಂದೊಂದು ಕಳೆದುಹೋಗುತ್ತದೆ. ತಂತಿಯ ಸ್ವರವಾದರೋ ಕೂಡಿಕೊಳ್ಳುತ್ತದೆ.

ಮನೆಯೇ ಮುದ್ರಣಶಾಲೆ

ಮನೆಯಲ್ಲಿ ಧ್ವನಿಮುದ್ರಣ ಮಾಡಿ ಪ್ರಸಿದ್ಧನಾದವನು ಲೆಸ್ ಪಾಲ್ (1915–2009). ಹಾಲಿವುಡ್ಡಿನಲ್ಲಿದ್ದ ತನ್ನ ಮನೆಯ ಮೋಟಾರು ಕೊಟ್ಟಿಗೆಯಲ್ಲಿ, ಒಂದು ತಟ್ಟೆಯನ್ನು ನುಡಿಸುತ್ತ ಅದರೊಡನೆ ತಾನೂ ನುಡಿಸಿ, ಎರಡನ್ನೂ ಮತ್ತೊಂದು ತಟ್ಟೆಯ ಮೇಲೆ ಮುದ್ರಿಸುತ್ತ, ಅವನು ಒಬ್ಬನೇ ಎಂಟು ಗಿಟಾರುಗಳ ಮೇಳವನ್ನು ಕಟ್ಟಿದನು. ಆ ತಟ್ಟೆ 1948ರಲ್ಲಿ ಹೊರಬಂದಿತು. ಕೊನೆಯ ಪದರದಲ್ಲಿ ತಪ್ಪಿದರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ಇಂದು ಪ್ರತಿಯೊಂದು ಪದರವನ್ನೂ ಕಂಪ್ಯೂಟರಿನಲ್ಲಿ ಬೇರೆಬೇರೆಯಾಗಿ ಇಡಬಹುದು. ಅದು ಧ್ವನಿಯ ವಿದ್ಯುತ್ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಸಂಖ್ಯೆಗಳಾಗಿ ಬರೆದಿಡುತ್ತದೆ. ಯಾವುದೇ ಆವೃತ್ತಿಯನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಮನುಷ್ಯನ ಕಿವಿಗೆ ಕೇಳುವ ಮಿತಿ ಸುಮಾರು 20,000. ಆದ್ದರಿಂದ ಈ ಅಳತೆ ಸಾಕು.

ಇಲ್ಲಿ ನಮ್ಮದೊಂದು ಅನುಭವವನ್ನು ಹೇಳಬೇಕು. ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನನ್ನು ಮನೆಗೆ ಕರೆಸಿ, ಕಿವಿಗೆ ತಂತಿಯಿಲ್ಲದ ಹೆಡ್‌ಫೋನ್ ಕೊಟ್ಟು, ಬ್ಲೂಸಿನ ಹಿಮ್ಮೇಳವನ್ನು ಕೇಳಿಸುತ್ತ ಅವನ ಗಿಟಾರನ್ನು ಮುದ್ರಿಸಿಕೊಂಡೆವು. ತಿರುಗಿ ಕೇಳಿದಾಗ ಪ್ರತಿಯೊಂದು ಸ್ವರವೂ ತಾಳಕ್ಕಿಂತ ಹಿಂದೆ ಬೀಳುತ್ತಿತ್ತು. ‘ನಿನಗೆ ಲಯಜ್ಞಾನ ಸಾಲದು’ ಎಂದುಬಿಟ್ಟೆವು. ಹುಡುಗ ಮುಖ ಬಾಡಿಸಿಕೊಂಡು ಹೊರಟುಹೋದನು. ಅಂದು ರಾತ್ರಿ ಅನುಮಾನ ಬಂದು, ಅದೇ ಹೆಡ್‌ಫೋನನ್ನು ಮೈಕಿನ ಬಳಿ ಹಿಡಿದು ಬರಿಯ ಟಿಕ್ ಟಿಕ್ ಸದ್ದನ್ನು ಮುದ್ರಿಸಿ ನೋಡಿದೆವು. ಯಂತ್ರದ ಸದ್ದೇ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿ ಬರುತ್ತಿತ್ತು! ಹುಡುಗ ತಾನು ಕೇಳಿದ ತಾಳಕ್ಕೆ ಸರಿಯಾಗಿಯೇ ನುಡಿಸಿದ್ದನು. ತಪ್ಪು ನಮ್ಮ ಉಪಕರಣದ್ದು. ಉಪಕರಣವನ್ನು ಮೊದಲು ಪರೀಕ್ಷಿಸಬೇಕೆಂದು ಪ್ರಯೋಗಶಾಲೆಯಲ್ಲಿ ದಿನವೂ ಬೋಧಿಸುವ ನಮ್ಮದು. ಮರುದಿನ ಅವನಲ್ಲಿ ಕ್ಷಮೆ ಕೇಳಿ, ತಂತಿಯಿರುವ ಹೆಡ್‌ಫೋನ್ ಕೊಟ್ಟೆವು. ವಿಳಂಬ ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಇಳಿಯಿತು. ಅಷ್ಟು ಕಾಲದಲ್ಲಿ ಶಬ್ದವು ಗಾಳಿಯಲ್ಲಿ ಮೂರೂವರೆ ಮೀಟರಿಗಿಂತ ಕಡಮೆ ದೂರ ಸಾಗುತ್ತದೆ. ವೇದಿಕೆಯ ಮೇಲೆ ವಾದಕರ ನಡುವೆ ಇಷ್ಟು ಅಂತರ ಸಹಜವೇ.

ಪ್ರಯೋಗ ಮಾಡಬಯಸುವವರು ಇನ್ನು ಕೆಲವು ಸಂಗತಿಗಳನ್ನು ಗಮನಿಸಬೇಕು. ಫ್ಯಾನನ್ನು ನಿಲ್ಲಿಸಿರಿ. ಮೈಕನ್ನು ಗಿಟಾರಿನ ರಂಧ್ರಕ್ಕೆ ನೇರವಾಗಿ ಇಡದೆ, ಕತ್ತು ಒಡಲನ್ನು ಸೇರುವ ಕಡೆಗೆ, ಒಂದು ಗೇಣಿಗಿಂತ ತುಸು ದೂರದಲ್ಲಿ ಇಡಿರಿ. ರಂಧ್ರದ ಬಳಿ ಒಡಲೊಳಗಿನ ಗಾಳಿಯ ಅನುರಣನದಿಂದ ಮಂದ್ರಸ್ವರಗಳು ಅತಿಯಾಗಿ ಮೊರೆಯುತ್ತವೆ. ಅತಿ ಗಟ್ಟಿಯಾಗಿ ನುಡಿಸಿದಾಗಲೂ ಧ್ವನಿಯ ಮಟ್ಟ ಯಂತ್ರದ ಮಿತಿಯನ್ನು ಮುಟ್ಟದಂತೆ ನೋಡಿಕೊಳ್ಳಿರಿ. ಮಿತಿ ಮೀರಿದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ; ಆಮೇಲೆ ಅದನ್ನು ಸರಿಪಡಿಸುವುದು ಕಷ್ಟ.

ಮುದ್ರಿಸಿದ್ದನ್ನು ಅಂದೇ ಕೇಳಬೇಡಿರಿ. ಮಾರನೆಯ ದಿನ ಕೇಳಿರಿ. ನುಡಿಸುವಾಗ ಮನಸ್ಸು ಮುಂದಿನ ಸ್ವರದ ಮೇಲಿರುತ್ತದೆ. ಹಿಂದಿನದನ್ನು ತೂಗಿ ನೋಡಲು ಅದಕ್ಕೆ ಬಿಡುವಿರುವುದಿಲ್ಲ. ಇಂಡಿಯಾನಾಪೊಲಿಸ್ ನಗರದ ವೆಸ್ ಮಾಂಟ್ಗೊಮರಿ (1923–1968) ಸ್ವರಲಿಪಿಯನ್ನು ಓದಲಾರದವನು. ಕ್ರಿಶ್ಚಿಯನ್ನನ ತಟ್ಟೆಗಳನ್ನು ಕೇಳಿ ಕೇಳಿಯೇ ಅವನ ವಾದನವನ್ನು ಕಲಿತು, ಮುಂದೆ ತಾನೇ ಜಾಝ್ ಗಿಟಾರಿನ ದೊಡ್ಡ ವಾದಕನಾದನು. ಅವನಿಗೆ ಗುರುವಾದದ್ದು ತಟ್ಟೆ. ನಮ್ಮ ವಿದ್ಯಾರ್ಥಿಯೂ ತನ್ನ ಎರಡನೆಯ ಮುದ್ರಣವನ್ನು ಕೇಳಿ, ಒಂಬತ್ತನೆಯ ಬಾರ್‌ನಲ್ಲಿ ಪಂಚಮದ ಕಾರ್ಡು ಬಂದಾಗ ತಾನು ಪ್ರತಿ ಸಲವೂ ಹಳೆಯ ಸ್ವರದಲ್ಲಿಯೇ ಉಳಿದುಬಿಡುತ್ತಿದ್ದುದನ್ನು ತಾನೇ ಕಂಡುಕೊಂಡನು. ಅದು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಮೂರನೆಯ ಮುದ್ರಣದಲ್ಲಿ ಅವನು ಸರಿಯಾದ ಕ್ಷಣಕ್ಕೆ ಒಂದು ಮೆಟ್ಟು ಮೇಲೇರಿದನು.